ಮೂರು ರಾತ್ರಿಯ ಅತಿಥಿ

ಜರ್ಮನಿ ದೇಶದಲ್ಲಿ ಉದ್ಯೋಗದಲ್ಲಿರುವ ನನ್ನ ಮಗನು ಬರುವ ಏಪ್ರಿಲ್ ತಿಂಗಳಿನಲ್ಲಿ ನನ್ನನ್ನೂ ನನ್ನ ಪತ್ನಿಯನ್ನೂ ತನ್ನಲ್ಲಿಗೆ ಕರೆಯಿಸಿಕೊಂಡು, ಅಲ್ಲಿಂದ ಐದು ದಿನಗಳ ಮಟ್ಟಿಗೆ ಮೆಡಿಟರೇನಿಯನ್ ಸಮುದ್ರದ ದಡದಲ್ಲಿರುವ ಬಾರ್ಸಿಲೋನಾ ನಗರಕ್ಕೆ ಕರೆದೊಯ್ಯಬೇಕೆಂದು ಸಂಕಲ್ಪಿಸಿದ್ದಾನೆ. ನಾಲ್ಕೂವರೆ ವರ್ಷದ ಮೊಮ್ಮಗಳು ಸಮುದ್ರವನ್ನು ಚಿತ್ರಗಳಲ್ಲಲ್ಲದೆ ಕಂಡವಳಲ್ಲ; ಆಕೆಗೆ ಅದನ್ನು ತೋರಿಸುವುದು ಈ ಪ್ರಯಾಣದ ಮುಖ್ಯ ಉದ್ದೇಶ. ನನಗೆ ಬೇರೊಂದು ಆಸೆಯುಂಟು. ಏಪ್ರಿಲ್ 23ನೆಯ ದಿನ ಆ ಊರಿನವರು ಸಂತ ಜೋರ್ದಿಯ ಹಬ್ಬವನ್ನು ಆಚರಿಸುತ್ತಾರೆ. ಅಂದು ಬೀದಿಬೀದಿಗಳಲ್ಲಿ ಗುಲಾಬಿಯನ್ನೂ ಪುಸ್ತಕವನ್ನೂ ಮಾರುವ ಅಂಗಡಿಗಳೇ. ಪ್ರೀತಿಪಾತ್ರರಾದವರಿಗೆ ಒಂದು ಹೂವು, ಒಂದು ಗ್ರಂಥ ಕೊಡುವುದು ವಾಡಿಕೆ. ಜಗತ್ತು ಆ ದಿನವನ್ನು ಪುಸ್ತಕದ ದಿನವಾಗಿ ಆಚರಿಸುವಂತೆ ಯುನೆಸ್ಕೋ ಸಂಸ್ಥೆಯು 1995ರಲ್ಲಿ ಸಾರಿದುದಕ್ಕೆ ಮೂಲ ಸ್ಫೂರ್ತಿ ಈ ಆಚರಣೆಯೇ. ನಲವತ್ತು ವರ್ಷ ಮಕ್ಕಳಿಗೆ ಪುಸ್ತಕ ಓದಿಸಿದವನಿಗೆ ಒಂದು ಊರಿಗೆ ಊರೇ ಪುಸ್ತಕ ಕೊಳ್ಳುವುದನ್ನು ನೋಡಬೇಕೆಂಬ ಆಸೆ ಹುಟ್ಟಿದರೆ ವಾಚಕರು ನಗಲಾರರೆಂದು ನಂಬಿದ್ದೇನೆ.

ದಿನ ನಿಶ್ಚಯವಾಯಿತು, ಉಳಿದುಕೊಳ್ಳುವ ಸ್ಥಳದ ಮಾತು ಬಂದಾಗ ತೊಡಕು ಹುಟ್ಟಿತು. ಮಗನು ಕಡಲತೀರಕ್ಕೆ ಹೊಂದಿಕೊಂಡಿರುವ ಬಾರ್ಸಿಲೋನೆಟಾ ಎಂಬ ಕೇರಿಯಲ್ಲಿ ಒಂದು ಮನೆಯನ್ನು ಅಂತರ್ಜಾಲದಲ್ಲಿ ಹುಡುಕಿ, ಅದರ ಚಿತ್ರಗಳನ್ನು ನನ್ನ ಫೋನಿಗೆ ಕಳುಹಿಸಿದನು. ಎರಡು ಪುಟ್ಟ ಕೋಣೆ, ಒಂದು ಅಡಿಗೆಮನೆ, ಬಟ್ಟೆ ಒಣಹಾಕಲು ಬೀದಿಯ ಕಡೆಗೊಂದು ಮೊಗಸಾಲೆ. ನನ್ನ ಪತ್ನಿಗೆ ಮಧುಮೇಹವಿದೆ. ಹೊತ್ತುಹೊತ್ತಿಗೆ ತಿನ್ನಬೇಕು, ತಿನ್ನಬಾರದ್ದನ್ನು ತಿನ್ನಕೂಡದು, ಮೀನುಮಾಂಸಗಳನ್ನು ಮುಟ್ಟುವವರಲ್ಲ. ಆಕೆಗೆ ಬೇಕಾದುದು ಅಡಿಗೆಮನೆ, ಅದು ಇಲ್ಲಿತ್ತು. ಹೋಟೆಲಿನಲ್ಲಾದರೆ ಎರಡು ಕೋಣೆ ಹಿಡಿಯಬೇಕು, ಖರ್ಚು ಇದರ ಎರಡರಷ್ಟು, ಅಡಿಗೆಗೆ ಅವಕಾಶವಿಲ್ಲ. ಇನ್ನು ವಿಚಾರಮಾಡುವುದಕ್ಕೆ ಏನಿದೆ ಎಂದು ಮಗನು ಕೇಳಿದನು. ನಾನೂ ಏನೂ ಇಲ್ಲವೆಂದೇ ಹೇಳಿದೆ.

ಹೋಗುವ ಊರಿನ ವಿಷಯವನ್ನು ಮೊದಲೇ ಓದಿಕೊಳ್ಳುವುದು ನನ್ನ ಹಳೆಯ ಚಾಳಿ. ಅದರಿಂದ ಸುಖಕ್ಕಿಂತ ಸಂಕಟವೇ ಹೆಚ್ಚೆಂದು ಮನೆಯವರ ಅಭಿಪ್ರಾಯ. ಈ ಸಲ ಅದು ನಿಜವಾಯಿತು. 2024ರ ಜುಲೈ 6ರಂದು ಬಾರ್ಸಿಲೋನಾ ನಗರದಲ್ಲಿ ಸುಮಾರು 2,800 ಮಂದಿ ನಿವಾಸಿಗಳು ಮೆರವಣಿಗೆ ಹೊರಟು, ಪ್ರವಾಸಿಗಳ ಹಾವಳಿಯನ್ನು ತಗ್ಗಿಸಬೇಕೆಂದು ಕೂಗಿದರೆಂದೂ, ಅವರಲ್ಲಿ ಕೆಲವರು ಬೀದಿಯಂಚಿನ ಭೋಜನಗೃಹಗಳಲ್ಲಿ ಕುಳಿತಿದ್ದ ಪರದೇಶಿಗಳ ಮೇಲೆ ಆಟದ ಪಿಚಕಾರಿಗಳಿಂದ ನೀರೆರಚಿದರೆಂದೂ ಓದಿದೆ. ನೀರೆರಚಿಸಿಕೊಂಡವರು ಯಾರಿಗೂ ಕೇಡು ಮಾಡಿದವರಲ್ಲ. ಹಣ ಕೊಟ್ಟು ಊಟಕ್ಕೆ ಕುಳಿತವರು. ಎರಚಿದವರೂ ದುಷ್ಟರಲ್ಲ, ಬಾಡಿಗೆ ಕಟ್ಟಲಾರದೆ ಹುಟ್ಟಿದ ಕೇರಿಯನ್ನು ಬಿಡುವ ಭಯದಲ್ಲಿದ್ದವರು ಅವರಲ್ಲಿ ಅನೇಕರು. ಇಬ್ಬರೂ ನಿರಪರಾಧಿಗಳಂತೆ ತೋರುವಲ್ಲಿ ಅಪರಾಧವು ಎಲ್ಲಿ ಅಡಗಿದೆ? ಪರರ ಊರಿಗೆ ಐದು ದಿನದ ಸುಖಕ್ಕಾಗಿ ಹೋಗುವವನಿಗೆ ಆ ಊರಿನ ಮೇಲೆ ಹಕ್ಕೆಷ್ಟು, ಅವನಿಗೆ ಆ ಊರಿನ ಋಣವೆಷ್ಟು? ಈ ಲೇಖನಕ್ಕೆ ಕಾರಣ ಈ ಪ್ರಶ್ನೆ.

ನಮ್ಮ ಪ್ರಾಚೀನರು ಅತಿಥಿಯನ್ನು ಕುರಿತು ಬಹಳ ಹೇಳಿದ್ದಾರೆ. ಆದರೆ ವಿಚಾರಮಾಡಿ ನೋಡಿದರೆ, ಅವರು ಹೇಳಿರುವುದರಲ್ಲಿ ಬಹುಭಾಗ ಗೃಹಸ್ಥನಿಗೆ ಹೇಳಿದುದು. ಅತಿಥಿಯನ್ನು ದೇವರೆಂದು ಕಾಣಬೇಕೆಂದು ಉಪನಿಷತ್ತು ಬೋಧಿಸಿದುದು ಗುರುಕುಲದಿಂದ ಮನೆಗೆ ಹೊರಟ ಶಿಷ್ಯನಿಗೆ, ಎಂದರೆ ಮುಂದೆ ಮನೆಯೊಡೆಯನಾಗತಕ್ಕವನಿಗೆ. ಅದೇ ವಾಕ್ಯವನ್ನು ಈಗ ನಮ್ಮ ಕೇಂದ್ರ ಸರ್ಕಾರದ ಪ್ರವಾಸೋದ್ಯಮ ಇಲಾಖೆಯವರು ಜಾಹೀರಾತಿನ ಘೋಷಣೆಯಾಗಿ ಬಳಸಿಕೊಂಡಿದ್ದಾರೆ. ದೇವರಿಂದ ವಿದೇಶಿ ವಿನಿಮಯ ದೊರೆಯುವುದೆಂದು ಋಷಿಗೆ ತಿಳಿದಿರಲಿಲ್ಲ. ಅತಿಥಿಯಾದವನು ಹೇಗಿರಬೇಕೆಂಬುದಕ್ಕೆ ಶಾಸ್ತ್ರದಲ್ಲಿ ಸಿಕ್ಕುವ ಮುಖ್ಯವಾದ ಸೂಚನೆ ಆ ಶಬ್ದದಲ್ಲಿಯೇ ಇದೆ. ಒಂದು ರಾತ್ರಿ ಮಾತ್ರ ತಂಗುವವನು, ನಿಲ್ಲುವುದಕ್ಕೆ ಬಾರದವನು, ಆದುದರಿಂದ ಅತಿಥಿ ಎಂದು ಮನುಸ್ಮೃತಿಯ ಮೂರನೆಯ ಅಧ್ಯಾಯವು ಆ ಹೆಸರನ್ನು ಬಿಡಿಸುತ್ತದೆ. ಬಂದವನು ಬೇಗ ಹೊರಡುತ್ತಾನೆಂಬ ಭರವಸೆಯಿಂದಲೇ ಅವನಿಗೆ ಅಷ್ಟು ಮರ್ಯಾದೆ. ನಮ್ಮ ಹಳ್ಳಿಗಳಲ್ಲಿ ಮೂರನೆಯ ದಿನಕ್ಕೆ ನೆಂಟನ ಮುಂದೆ ಬರುವ ಸಾರು ತಾನಾಗಿಯೇ ತೆಳ್ಳಗಾಗುವುದನ್ನು ಬಲ್ಲವರಿಗೆ ಇದಕ್ಕೆ ಭಾಷ್ಯ ಬೇಕಿಲ್ಲ.

ಈ ನ್ಯಾಯದಂತೆ ಅಲ್ಪಕಾಲದ ಪ್ರವಾಸಿಯು ಅತ್ಯುತ್ತಮ ಅತಿಥಿಯಾಗಬೇಕಾಗಿತ್ತು. ಅವನು ಎಲ್ಲಿಯೂ ನಿಲ್ಲುವವನಲ್ಲ. ಬಾರ್ಸಿಲೋನಾ ಬಂದರಿಗೆ ಬರುವ ವಿಹಾರನೌಕೆಗಳಿಂದ ಬೆಳಿಗ್ಗೆ ಇಳಿದು ಸಂಜೆಗೆ ಮರಳಿ ಹತ್ತುವವರು ಮನುವಿನ ಲಕ್ಷಣಕ್ಕಿಂತಲೂ ಮಿಗಿಲಾದ ಅತಿಥಿಗಳು. ಹಾಗಿದ್ದೂ ಆ ಊರಿನವರಿಗೆ ಅವರ ಮೇಲೆಯೇ ಹೆಚ್ಚು ಕೋಪ. ಬಂದರಿನಲ್ಲಿರುವ ಏಳು ನೌಕಾನಿಲ್ದಾಣಗಳನ್ನು 2030ರೊಳಗೆ ಐದಕ್ಕೆ ಇಳಿಸಬೇಕೆಂದು 2025ರ ಜುಲೈಯಲ್ಲಿ ನಗರಾಡಳಿತವೂ ಬಂದರಿನ ಅಧಿಕಾರಿಗಳೂ ಒಪ್ಪಂದ ಮಾಡಿಕೊಂಡರು. ಒಬ್ಬ ಅತಿಥಿ ಹೊರಡುತ್ತಾನೆ, ಸರಿಯೆ. ಆದರೆ ಅವನು ಎದ್ದ ಹಾಸಿಗೆಯಲ್ಲಿ ಇನ್ನೊಬ್ಬನು ಮಲಗುತ್ತಾನೆ, ಅವನು ಎದ್ದರೆ ಮತ್ತೊಬ್ಬ. ವ್ಯಕ್ತಿಗಳು ಅನಿತ್ಯರು, ಗುಂಪು ನಿತ್ಯ. ಹದಿನಾರು ಹದಿನೇಳು ಲಕ್ಷ ಜನರು ವಾಸಿಸುವ ಆ ನಗರದಲ್ಲಿ ವರ್ಷಕ್ಕೆ ರಾತ್ರಿ ತಂಗಿ ಹೋಗುವ ಪರಸ್ಥಳದವರೇ ಒಂದು ಕೋಟಿಗೆ ಮಿಕ್ಕಿದ್ದಾರೆ. ಹೀಗಿರಲು ಆ ಅತಿಥಿಯು ಹೊರಟೇ ಇಲ್ಲವೆಂದು ಮನೆಯವನಿಗೆ ಅನ್ನಿಸಿದರೆ ಅದು ಭ್ರಾಂತಿಯಲ್ಲ.

ಪಾಶ್ಚಾತ್ಯರಲ್ಲಿ ಈ ವಿಷಯವನ್ನು ಹಕ್ಕಿನ ಭಾಷೆಯಲ್ಲಿ ಸ್ಪಷ್ಟವಾಗಿ ವಿವೇಚಿಸಿದವನು ಇಮ್ಯಾನುಯೆಲ್ ಕಾಂಟ್. ತಾನು ಹುಟ್ಟಿದ ಪ್ರಾಂತವನ್ನು ಬಿಟ್ಟು ಜೀವಮಾನದಲ್ಲಿ ಹೊರಗೆ ಹೋಗದವನು ಪ್ರವಾಸಿಯ ಹಕ್ಕನ್ನು ನಿರ್ಣಯಿಸಿದ್ದು ಒಂದು ವಿನೋದವೇ ಸರಿ. ಶಾಶ್ವತ ಶಾಂತಿಯನ್ನು ಕುರಿತು 1795ರಲ್ಲಿ ಪ್ರಕಟಿಸಿದ ಕಿರುಗ್ರಂಥದಲ್ಲಿ ಅವನು ಎರಡು ಹಕ್ಕುಗಳನ್ನು ಬೇರ್ಪಡಿಸುತ್ತಾನೆ. ಭೂಮಿಯು ಗೋಳವಾಗಿರುವುದರಿಂದ ಮನುಷ್ಯರು ಒಬ್ಬರಿಂದೊಬ್ಬರು ಕೊನೆಯಿಲ್ಲದೆ ದೂರ ಸರಿಯಲಾರರು. ಎಲ್ಲಿಯೋ ಒಂದೆಡೆ ಸಂಧಿಸಲೇಬೇಕು. ಆದುದರಿಂದ ಪರದೇಶಕ್ಕೆ ಬಂದವನು ಶಾಂತನಾಗಿ ನಡೆದುಕೊಳ್ಳುವವರೆಗೆ ಅವನನ್ನು ಶತ್ರುವಿನಂತೆ ಕಾಣಕೂಡದು. ಇದು ಭೇಟಿಕೊಡುವವನ ಹಕ್ಕು. ಆದರೆ ಅವರ ಮನೆಯಲ್ಲಿ ಇರಿಸಿಕೊಳ್ಳಿರೆಂದು ಕೇಳುವ ಹಕ್ಕು ಅವನಿಗಿಲ್ಲ. ಅದು ಮನೆಯವರು ಮನಸ್ಸಿಟ್ಟು ಕೊಡಬೇಕಾದುದು. ಐರೋಪ್ಯ ವರ್ತಕರು ನೋಡಿಹೋಗುವ ನೆಪದಲ್ಲಿ ಹೋದ ದೇಶಗಳನ್ನು ಗೆದ್ದುಕೊಂಡರೆಂದು ಕಾಂಟನು ಖಂಡಿಸುವಾಗ, ಹಿಂದೂಸ್ಥಾನದ ಹೆಸರನ್ನೇ ಎತ್ತುತ್ತಾನೆ. ಕೋಠಿಗಳನ್ನು ಕಟ್ಟಿಕೊಳ್ಳುತ್ತೇವೆಂದು ಬಂದವರು ಸೈನ್ಯವನ್ನು ತಂದ ಕತೆ ನಮಗೆ ಹೊಸದಲ್ಲ. ಅಂಥ ಅತಿಥಿಗಳನ್ನು ಕಂಡು ನೊಂದ ನಾಡಿನವನು ತಾನು ಅತಿಥಿಯಾಗಿ ಹೊರಟಾಗ ತುಸು ಎಚ್ಚರವಾಗಿರುವುದು ನ್ಯಾಯವಲ್ಲವೆ?

ಕಾಂಟನ ಮಾತನ್ನು ಮಗನಿಗೆ ಹೇಳಿದಾಗ ಅವನು ಕೊಟ್ಟ ಉತ್ತರ ತೂಕವಾಗಿಯೇ ಇತ್ತು. “ಅಣ್ಣಾ, ನಾವು ಯಾರ ಮನೆಗೂ ಕೇಳದೆ ಹೋಗುತ್ತಿಲ್ಲ. ಮನೆಯೊಡೆಯನು ತಾನೇ ಬನ್ನಿರೆಂದು ಕರೆದಿದ್ದಾನೆ, ಬೆಲೆ ಹೇಳಿದ್ದಾನೆ, ಸರ್ಕಾರದ ಪರವಾನಗಿಯ ಸಂಖ್ಯೆಯನ್ನೂ ಬರೆದಿದ್ದಾನೆ. ಇನ್ನೇನು ಬೇಕು?” ಎಂದನು. ಕಾನೂನಿನ ಮಟ್ಟಿಗೆ ಇದು ಪೂರ್ಣವಾದ ಉತ್ತರ. ಆದರೆ ಈ ಉತ್ತರವನ್ನು ತಿರುವಿ ತಿರುವಿ ನೋಡುತ್ತಿರುವಾಗ ಹಳೆಯ ಆತಿಥ್ಯಕ್ಕೂ ಈಗಿನ ಆತಿಥ್ಯಕ್ಕೂ ಇರುವ ಅಂತರವು ನನಗೆ ಮೊದಲ ಸಲ ಹೊಳೆಯಿತು. ಹಿಂದೆ ಮನೆಯೊಡೆಯನು ಅತಿಥಿಯನ್ನು ಕರೆದರೆ ಅದರ ಭಾರವನ್ನೂ ಅವನೇ ಹೊರುತ್ತಿದ್ದನು. ಅವನ ಕಣಜದ ಅಕ್ಕಿ, ಅವನ ಹೆಂಡತಿಯ ಶ್ರಮ, ಅವನ ಮಕ್ಕಳ ಹಾಸಿಗೆ. ಕರೆದವನೂ ಭಾರ ಹೊತ್ತವನೂ ಒಬ್ಬನೇ ಆಗಿದ್ದುದರಿಂದ, ಸಾಕೆನಿಸಿದಾಗ ಅವನು ಬಾಗಿಲು ಮುಚ್ಚಬಲ್ಲವನಾಗಿದ್ದನು. ಈಗ ಕರೆಯುವವನು ಬೇರೆ, ಭಾರ ಹೊರುವವನು ಬೇರೆ. ಆ ಮನೆಯ ಒಡೆಯನು ಬಹುಶಃ ಬೇರೊಂದು ಬಡಾವಣೆಯಲ್ಲಿ, ಇಲ್ಲವೆ ಬೇರೊಂದು ದೇಶದಲ್ಲಿಯೇ ಇದ್ದಾನು. ಲಾಭ ಅವನದು. ನಮ್ಮ ಗಾಲಿಪೆಟ್ಟಿಗೆಗಳ ಗಡಗಡ ಶಬ್ದವನ್ನು ನಡುರಾತ್ರಿ ಕೇಳಿ ಎಚ್ಚರಗೊಳ್ಳುವವಳು ಮೇಲಿನ ಅಂತಸ್ತಿನ ಮುದುಕಿ. ಒಂದು ತಿಂಗಳ ಬಾಡಿಗೆಯನ್ನು ಒಂದು ವಾರದಲ್ಲಿ ಕೊಡುವ ನಮ್ಮಂಥವರೊಡನೆ ಪೈಪೋಟಿ ಮಾಡಬೇಕಾದವನು ಬಂದರಿನ ಕೂಲಿಯವನ ಮಗ. ಅವರು ನಮ್ಮನ್ನು ಕರೆದಿಲ್ಲ. ಊರು ಕರೆಯಿತೆಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಊರೆಂಬುದು ಒಬ್ಬ ಮನುಷ್ಯನಲ್ಲ.

ಬಾರ್ಸಿಲೋನೆಟಾ ಕೇರಿಯ ಚರಿತ್ರೆಯನ್ನು ತಿಳಿದಮೇಲೆ ನನ್ನ ಇಕ್ಕಟ್ಟು ಇನ್ನೂ ಹೆಚ್ಚಿತು. ಆ ಹೆಸರಿಗೆ ಚಿಕ್ಕ ಬಾರ್ಸಿಲೋನಾ ಎಂದರ್ಥ. ಅದು ಹುಟ್ಟಿದುದೇ ಮನೆ ಕಳೆದುಕೊಂಡವರ ನೆವದಲ್ಲಿ. 1714ರ ಸೆಪ್ಟೆಂಬರ್ 11ರಂದು ದೀರ್ಘವಾದ ಮುತ್ತಿಗೆಯ ನಂತರ ನಗರವು ಐದನೆಯ ಫಿಲಿಪ್ ದೊರೆಯ ಸೈನ್ಯಕ್ಕೆ ಸೋತಿತು. ಗೆದ್ದ ದೊರೆಯು ನಗರವನ್ನು ಹದ್ದಿನಲ್ಲಿಡುವುದಕ್ಕಾಗಿ ಲಾ ರಿಬೇರಾ ಎಂಬ ಕೇರಿಯ ಮನೆಗಳನ್ನು ನೂರಾರು ಸಂಖ್ಯೆಯಲ್ಲಿ ಕೆಡವಿಸಿ ಅಲ್ಲೊಂದು ಕೋಟೆಯನ್ನು ಕಟ್ಟಿಸಿದನು. ಹೊಸ ಕೇರಿಗೆ ಸಮುದ್ರದ ದಡದ ಮರಳುದಿಬ್ಬದ ಮೇಲೆ ಸೈನ್ಯದ ಎಂಜಿನಿಯರುಗಳು ಗೆರೆ ಹಾಕಿದುದು 1753ರಲ್ಲಿ. ಅಷ್ಟರೊಳಗೆ ಮನೆ ಕಳೆದುಕೊಂಡವರಲ್ಲಿ ಒಂದು ತಲೆಮಾರೇ ಕಳೆದಿತ್ತು. ಮೀನುಗಾರರು, ನಾವಿಕರು, ಬಂದರಿನ ಕೆಲಸಗಾರರು ಅಲ್ಲಿ ನೆಲಸಿದರು. ಸಾಲುಸಾಲಾಗಿ ನೇರವಾದ ಓಣಿಗಳು, ಒಂದೇ ಅಳತೆಯ ಚಿಕ್ಕ ಮನೆಗಳು. ಜನ ಹೆಚ್ಚಿದಂತೆ ಮನೆಗಳ ಮೇಲೆ ಅಂತಸ್ತುಗಳನ್ನು ಏರಿಸಿದರು, ಒಂದೊಂದು ಮನೆಯನ್ನೂ ಅಡ್ಡಗೋಡೆಯಿಂದ ಸೀಳಿ, ಸೀಳಿದ್ದನ್ನು ಮತ್ತೆ ಸೀಳಿ ಕಾಲು ಮನೆಗಳನ್ನು ಮಾಡಿದರು. ಕಾಲು ಮನೆ ಎಂಬುದೇ ಅಲ್ಲಿಯ ಮಾತಿನಲ್ಲಿ ಅವುಗಳ ಹೆಸರು. ಒಂದೊಂದಕ್ಕೆ ಮೂವತ್ತು ಮೂವತ್ತೈದು ಚದರ ಮೀಟರು ಸ್ಥಳ. ಅಷ್ಟರಲ್ಲಿಯೇ ಸಂಸಾರಗಳು ಹುಟ್ಟಿ, ಬೆಳೆದು, ಸತ್ತುವು.

ಆ ಕಡಲ ದಡವು ಆಗ ಯಾರಿಗೂ ಬೇಡವಾಗಿತ್ತು. ಕಾರ್ಖಾನೆಗಳು, ರೈಲುಕಂಬಿಗಳು, ಗೋದಾಮುಗಳು ನಗರಕ್ಕೂ ಸಮುದ್ರಕ್ಕೂ ನಡುವೆ ಅಡ್ಡವಾಗಿದ್ದವು. 1992ರ ಒಲಿಂಪಿಕ್ ಪಂದ್ಯಗಳ ನಿಮಿತ್ತ ಅವುಗಳನ್ನು ಬಹುಮಟ್ಟಿಗೆ ತೆಗೆದು, ಮರಳು ಹೊಯ್ದು, ನಾಲ್ಕು ಕಿಲೋಮೀಟರಿನಷ್ಟು ತೀರವನ್ನು ವಿಹಾರಕ್ಕೆ ಯೋಗ್ಯವಾಗಿ ಮಾಡಿದರು. ನಗರದವರು ತಮ್ಮ ಸಮುದ್ರವನ್ನು ಮರಳಿ ಪಡೆದರೆಂದು ಆಗ ಹಿಗ್ಗಿದರು. ಹಿಗ್ಗಿದುದು ತಪ್ಪೂ ಅಲ್ಲ. ಆದರೆ ಅಂದಗೊಳಿಸಿದ್ದನ್ನು ಲೋಕವೆಲ್ಲ ಟೀವಿಯಲ್ಲಿ ನೋಡಿತು. ಕಾಲು ಮನೆಗಳು ಸಮುದ್ರದ ಮಗ್ಗುಲಲ್ಲಿರುವ ಅಗ್ಗದ ಬಿಡಾರಗಳಾಗಿ ಮಾರ್ಪಟ್ಟವು. 2014ರ ಆಗಸ್ಟಿನಲ್ಲಿ ಹಾಡಹಗಲಲ್ಲಿ ಪ್ರವಾಸಿಗಳು ಕೆಲವರು ಬಟ್ಟೆಯಿಲ್ಲದೆ ಆ ಓಣಿಗಳಲ್ಲಿ ಓಡಾಡಿದುದರಿಂದ ಕೇರಿಯವರು ರೊಚ್ಚಿಗೆದ್ದು ದಿನಗಟ್ಟಲೆ ಪ್ರತಿಭಟಿಸಿದರು. ಕೊನೆಗೆ 2024ರ ಜೂನಿನಲ್ಲಿ ನಗರಾಧ್ಯಕ್ಷ ಜೌಮೆ ಕೊಲ್ಬೋನಿಯವರು, ಪ್ರವಾಸಿಗಳಿಗೆ ಬಾಡಿಗೆಗೆ ಕೊಡಲು ಪರವಾನಗಿ ಪಡೆದಿರುವ 10,101 ವಾಸದ ಮನೆಗಳ ಪರವಾನಗಿಗಳನ್ನು ಮುಂದುವರಿಸುವುದಿಲ್ಲವೆಂದೂ, 2028ರ ನವೆಂಬರಿನೊಳಗೆ ಅವೆಲ್ಲವೂ ಮುಗಿಯುವುವೆಂದೂ ಘೋಷಿಸಿದರು. ಹತ್ತು ವರ್ಷಗಳಲ್ಲಿ ನಗರದ ಮನೆಬಾಡಿಗೆ ಶೇಕಡ 68ರಷ್ಟು ಏರಿದುದನ್ನು ಅವರು ಕಾರಣವಾಗಿ ಕೊಟ್ಟರು. ಇದಕ್ಕೆ ಆಧಾರವಾದ ಪ್ರಾಂತೀಯ ಶಾಸನವನ್ನು 2025ರ ಮಾರ್ಚಿಯಲ್ಲಿ ಸ್ಪೇನಿನ ಸಂವಿಧಾನ ನ್ಯಾಯಾಲಯವೂ ಎತ್ತಿಹಿಡಿಯಿತು. ಮಗನು ಕಳುಹಿಸಿದ ಚಿತ್ರದಲ್ಲಿದ್ದ ಪರವಾನಗಿಯ ಸಂಖ್ಯೆಯು ಆ 10,101ರಲ್ಲಿ ಒಂದಾಗಿರಬೇಕು. ಆ ಅಡಿಗೆಮನೆಯ ಕಿಟಕಿಯಲ್ಲಿ ಹಿಂದೆ ಯಾರು ನಿಂತಿದ್ದರೋ!

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ನಾವು ಐವರು ಆ ಮನೆಯನ್ನು ಬಿಟ್ಟ ಮಾತ್ರಕ್ಕೆ ಆ ಕೂಲಿಯವನ ಮಗನಿಗೆ ಅದು ದೊರೆಯುತ್ತದೆಯೆ? ದೊರೆಯುವುದಿಲ್ಲ. ನಾವು ಬೇಡವೆಂದ ಮರುಗಳಿಗೆಯಲ್ಲಿ ಇನ್ನೊಂದು ಸಂಸಾರವು ಅದನ್ನು ಹಿಡಿಯುತ್ತದೆ. ಕೋಟಿ ಜನರಲ್ಲಿ ಐವರು ಸಮುದ್ರದಲ್ಲಿ ಐದು ಹನಿ. ಈ ತರ್ಕವು ಬಹಳ ಬಲವಾದುದು. ನಾನು ಎರಡು ದಿನ ಅದರ ಆಸರೆಯಲ್ಲಿ ಸುಖವಾಗಿ ನಿದ್ರಿಸಿದೆ. ಮೂರನೆಯ ದಿನ ಆಕ್ಸ್‌ಫರ್ಡಿನ ತತ್ತ್ವಜ್ಞ ಡೆರೆಕ್ ಪಾರ್ಫಿಟ್ 1984ರ ತನ್ನ ಗ್ರಂಥದಲ್ಲಿ ಕಲ್ಪಿಸಿದ ಒಂದು ದೃಷ್ಟಾಂತವು ನೆನಪಿಗೆ ಬಂದು ನಿದ್ರೆ ಕೆಡಿಸಿತು. ಸಾವಿರ ಮಂದಿ ಪೀಡಕರು, ಸಾವಿರ ಮಂದಿ ಪೀಡಿತರು. ಒಬ್ಬೊಬ್ಬ ಪೀಡಕನೂ ಒಂದು ಗುಂಡಿಯನ್ನು ಒತ್ತುತ್ತಾನೆ. ಅದರಿಂದ ಪ್ರತಿಯೊಬ್ಬ ಪೀಡಿತನ ನೋವೂ ಅವನಿಗೆ ಗೊತ್ತೇ ಆಗದಷ್ಟು ಮಾತ್ರ ಹೆಚ್ಚುತ್ತದೆ. ತಾನು ಯಾರ ನೋವನ್ನೂ ತಿಳಿಯುವಷ್ಟು ಹೆಚ್ಚಿಸಿಲ್ಲವೆಂದು ಪ್ರತಿಯೊಬ್ಬನೂ ಆಣೆಯಿಟ್ಟು ಹೇಳಬಲ್ಲನು, ಹೇಳಿದ್ದು ಸುಳ್ಳೂ ಅಲ್ಲ. ಆದರೆ ಸಾವಿರ ಮಂದಿಯೂ ಒತ್ತಿ ಮುಗಿಸಿದಾಗ ಸಾವಿರ ಮಂದಿ ಘೋರವಾಗಿ ನರಳುತ್ತಿರುತ್ತಾರೆ. ಒಟ್ಟು ಕೂಡಿ ಮಾಡುವ ಕೇಡಿನಲ್ಲಿ ನನ್ನ ಪಾಲು ಕಣ್ಣಿಗೆ ಕಾಣದಷ್ಟು ಸಣ್ಣದೆಂಬುದು ನನ್ನನ್ನು ಬಿಡುಗಡೆ ಮಾಡಲಾರದೆಂದು ಅವನ ತೀರ್ಮಾನ.

ದೃಷ್ಟಾಂತವು ನಮ್ಮ ವಿಷಯಕ್ಕೆ ಪೂರ್ತಿ ಒಪ್ಪುವುದಿಲ್ಲವೆಂಬುದನ್ನು ಒಪ್ಪುತ್ತೇನೆ. ಪೀಡಕರ ಗುಂಡಿಯಿಂದ ಯಾರಿಗೂ ಒಳಿತಾಗದು. ಪ್ರವಾಸಿಯ ಹಣದಿಂದ ಅನೇಕರ ಒಲೆ ಉರಿಯುತ್ತದೆ. ಆ ನಗರದ ಸಂಪಾದನೆಯಲ್ಲಿ ಶೇಕಡ 14ರಷ್ಟು ಪ್ರವಾಸಿಗಳಿಂದ ಬರುತ್ತದೆಂದು ಲೆಕ್ಕ ಹಾಕುವುದುಂಟು. ಇನ್ನೊಂದು ನಿದರ್ಶನವೂ ಇದೆ. 1882ರಲ್ಲಿ ಅಸ್ತಿವಾರ ಹಾಕಿ, ಮರುವರ್ಷ ಆಂಟೋನಿ ಗೌಡಿಯೆಂಬ ಮಹಾಶಿಲ್ಪಿಯು ಕೈಗೆತ್ತಿಕೊಂಡ ಸಗ್ರಾದಾ ಫಮೀಲಿಯಾ ದೇವಾಲಯವು ಮೊದಲಿನಿಂದಲೂ ಭಕ್ತರ ಕಾಣಿಕೆಯಿಂದ ಕಟ್ಟತಕ್ಕದ್ದೆಂದು ನಿಯಮ. ಗೌಡಿಯು 1926ರ ಜೂನಿನಲ್ಲಿ ಟ್ರಾಮ್ ಗಾಡಿ ತಾಕಿ ಬಿದ್ದಾಗ ಅವನ ಬಟ್ಟೆಬರೆಯನ್ನು ಕಂಡು ಭಿಕ್ಷುಕನೆಂದು ಬಗೆದು ಬಡವರ ಆಸ್ಪತ್ರೆಗೆ ಸೇರಿಸಿದರು. ಮೂರು ದಿನಗಳಲ್ಲಿ ತೀರಿಕೊಂಡನು. ಕಾಣಿಕೆ ಸಾಲದೆ ಕೆಲಸವು ದಶಕಗಟ್ಟಲೆ ಕುಂಟುತ್ತಿತ್ತು. ಈಗ ಆ ಗೋಪುರಗಳು ಏರುತ್ತಿರುವುದು ವರ್ಷಕ್ಕೆ 40 ಲಕ್ಷಕ್ಕೂ ಮೀರಿ ಬಂದು ಟಿಕೆಟ್ಟು ಕೊಳ್ಳುವ ಪ್ರವಾಸಿಗಳ ಹಣದಿಂದ. ಹಾಗೆ ನೋಡಿದರೆ ಪರದೇಶಿಯು ಆ ಊರಿನ ಕಾಲು ಮನೆಯನ್ನು ಕಸಿದಿದ್ದಾನೆ, ದೇವರ ಮನೆಯನ್ನು ಕಟ್ಟಿಕೊಟ್ಟಿದ್ದಾನೆ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವ ಕ್ರಮ ನನಗೆ ತಿಳಿಯದು. ಹೋಗಲೇಬಾರದೆಂಬ ವಾದವನ್ನು ನಾನು ಒಪ್ಪದಿರುವುದಕ್ಕೆ ಇದೂ ಒಂದು ಕಾರಣ. ಇನ್ನೊಂದು ಕಾರಣ, ಮುಚ್ಚದೆ ಹೇಳಬೇಕಾದರೆ, ನನಗೆ ಹೋಗಬೇಕೆಂಬ ಆಸೆಯಿದೆ.

ಸೊಸೆಯು ಎತ್ತಿದ ಪ್ರಶ್ನೆಗೆ ಮಾತ್ರ ನನ್ನಲ್ಲಿ ಈ ಹೊತ್ತಿಗೂ ಸಮರ್ಪಕವಾದ ಉತ್ತರವಿಲ್ಲ. ಆಕೆ ಹೆಚ್ಚು ಮಾತನಾಡುವವಳಲ್ಲ. “ಮಾವ, ಇಂಥ ಮನೆಗಳನ್ನೆಲ್ಲ ಮುಚ್ಚಿದರೆ ಉಳಿಯುವುದು ದೊಡ್ಡ ಹೋಟೆಲುಗಳು. ಮೂರು ಮಕ್ಕಳಿರುವ ಬಡ ಸಂಸಾರದವರು ಸಮುದ್ರ ನೋಡಕೂಡದೆಂದಾಯಿತು. ಹಣವಂತನು ಆಗಲೂ ನೋಡುತ್ತಾನೆ,” ಎಂದಳು. ಮಾತು ನಿಜ. ಒಂದು ಕಾಲಕ್ಕೆ ಯುರೋಪಿನ ಶ್ರೀಮಂತರ ಮಕ್ಕಳಿಗೆ ಮಾತ್ರ ಮೀಸಲಾಗಿದ್ದ ದಕ್ಷಿಣ ಸಮುದ್ರಗಳ ಯಾತ್ರೆಯು ಈಗ ಗುಮಾಸ್ತೆಗೂ ದಾದಿಗೂ ಎಟುಕಿದೆ. ನನ್ನಂಥ ಶಾಲಾಮಾಸ್ತರನಿಗೂ ಎಟುಕಿದೆ. ಎಲ್ಲರಿಗೂ ದೊರೆತದ್ದರಿಂದಲೇ ಅದು ಕೆಟ್ಟಿತೆಂದು ಗೊಣಗುವವನು ತನ್ನ ಗೊಣಗಾಟದಲ್ಲಿ ಧರ್ಮವೆಷ್ಟು, ಜಂಬವೆಷ್ಟು ಎಂದು ಪರೀಕ್ಷಿಸಿಕೊಳ್ಳಬೇಕು. ನಮ್ಮ ಮಲೆನಾಡಿನ ಘಟ್ಟದ ರಸ್ತೆಗಳಲ್ಲಿ ಶನಿವಾರ ಭಾನುವಾರ ಬೆಂಗಳೂರಿನ ಕಾರುಗಳು ಇರುವೆಯಂತೆ ಸಾಲುಗಟ್ಟಿದಾಗ ನಾನು ಗೊಣಗಿದ್ದೇನೆ. ಆ ಕಾರಿನೊಳಗಿದ್ದವರಿಗೆ ವಾರವೆಲ್ಲ ದುಡಿದ ಮೇಲೆ ದೊರೆತ ಒಂದೇ ಹಸಿರು ದಿನ ಅದಾಗಿದ್ದಿರಬಹುದು. ಆದರೂ ಸೊಸೆಗೆ ನಾನು ಇಷ್ಟು ಮಾತ್ರ ಹೇಳಿದೆ: ಸಮುದ್ರವನ್ನು ನೋಡುವ ಬಡವನ ಆಸೆಗೂ, ಸಮುದ್ರದ ಬಳಿ ಬಾಳುವ ಬಡವನ ಆಸರೆಗೂ ಜಗಳ ಬಿದ್ದಾಗ, ಆಸೆಯು ಒಂದು ಹೆಜ್ಜೆ ಹಿಂದೆ ನಿಲ್ಲಬೇಕಾದೀತು. ಆಕೆಗೆ ಇದು ತೃಪ್ತಿಕರವೆನಿಸಲಿಲ್ಲ. ನನಗೂ ಇಲ್ಲ; ಏಕೆಂದರೆ ನಮ್ಮಲ್ಲಿ ಹೋಟೆಲಿಗೆ ತೆರುವಷ್ಟು ಹಣವಿದೆ, ಇಲ್ಲದವನಿಗೆ ಈ ಉಪದೇಶವನ್ನು ಮಾಡಲು ನನಗೆ ಬಾಯಿ ಬಾರದು.

ಅಲ್ಪಕಾಲದ ವಾಸದಲ್ಲಿ ಏನನ್ನು ತಾನೆ ನೋಡಲಾದೀತೆಂದು ಕೇಳುವವರೂ ಉಂಟು. ರೋಮಿನ ಸೆನೆಕನು ನೇಪಲ್ಸ್ ನಗರದ ಬಳಿಯ ಬಾಯೆ ಎಂಬ ಸಮುದ್ರತೀರದ ವಿಹಾರಪಟ್ಟಣಕ್ಕೆ ಹೋಗಿ, ಮರುದಿನವೇ ಅದನ್ನು ಬಿಟ್ಟು ಹೊರಟೆನೆಂದು ಸ್ನೇಹಿತನಿಗೆ ಪತ್ರ ಬರೆದನು. ಅಲ್ಲಿಯ ಕುಡುಕರೂ ಗೀತನೌಕೆಗಳೂ ಅವನ ಶೀಲಕ್ಕೆ ಒಗ್ಗಲಿಲ್ಲ. ಕಡಲತೀರದ ಅತಿ ಅಲ್ಪವಾದ ರಜೆಯನ್ನು ಅನುಭವಿಸಿದ ದಾರ್ಶನಿಕನು ಅವನೇ ಇರಬೇಕು. ನನಗೆ ಅವನಿಗಿಂತ ಡಾನ್ ಕ್ವಿಕ್ಸೋಟನು ಪ್ರಿಯ. ಸೆರ್ವಾಂಟಿಸ್ ಕವಿಯು 1615ರಲ್ಲಿ ಹೊರತಂದ ಎರಡನೆಯ ಭಾಗದಲ್ಲಿ ಆ ಮುದಿ ವೀರನೂ ಅವನ ಸೇವಕನೂ ಜೀವಮಾನದಲ್ಲಿ ಮೊಟ್ಟಮೊದಲು ಸಮುದ್ರವನ್ನು ಕಾಣುವುದು ಬಾರ್ಸಿಲೋನಾದ ದಡದಲ್ಲಿ. ಅದೇ ದಡದಲ್ಲಿ ಅವನು ದ್ವಂದ್ವಯುದ್ಧದಲ್ಲಿ ಸೋತು, ಶಸ್ತ್ರಗಳನ್ನು ಕೆಳಗಿಟ್ಟು ಒಂದು ವರ್ಷ ಊರಿನಲ್ಲಿರತಕ್ಕದ್ದೆಂಬ ಷರತ್ತಿಗೆ ಒಳಗಾಗಿ ಮನೆಯ ದಾರಿ ಹಿಡಿಯುತ್ತಾನೆ. ಹೀಗೆ ಅವಮಾನ ಪಟ್ಟವನು ದಾರಿಯಲ್ಲಿ ಆ ನಗರವನ್ನು ಬೈಯುವುದಿಲ್ಲ. ಅದನ್ನು ಸೌಜನ್ಯದ ನೆಲೆಯೆಂದೂ ಪರಸ್ಥಳದವರಿಗೆ ಆಶ್ರಯವೆಂದೂ ಹೊಗಳುತ್ತಾನೆ. ನಾನೂರು ವರ್ಷಗಳ ಹಿಂದೆ ಪರದೇಶಿಗಳಿಗೆ ಆಶ್ರಯವೆಂದು ಹೆಸರಾದ ನಗರವು ಪಿಚಕಾರಿ ಹಿಡಿಯುವ ಸ್ಥಿತಿಗೆ ಬಂದಿದ್ದರೆ, ಕೆಟ್ಟುದು ಆ ಊರಿನ ಸೌಜನ್ಯವೆಂದು ಹೇಳುವುದಕ್ಕೆ ಮುಂಚೆ ನಾಲ್ಕು ಬಾರಿ ಯೋಚಿಸಬೇಕು.

ಮಗನು ಮೊದಲು ಹಾಕಿದ ಕಾರ್ಯಕ್ರಮದ ಪಟ್ಟಿಯಲ್ಲಿ ದಿನಕ್ಕೆ ಆರೇಳು ಸ್ಥಳಗಳಿದ್ದವು. ಅವುಗಳಲ್ಲಿ ಗೌಡಿಯು ನಿರ್ಮಿಸಿದ ಗ್ವೆಲ್ ಉದ್ಯಾನವೂ ಒಂದು. ಆ ಗುಡ್ಡಕ್ಕೆ ಹೋಗುವ 116ನೆಯ ಸಂಖ್ಯೆಯ ಚಿಕ್ಕ ಬಸ್ಸು ಪ್ರವಾಸಿಗಳಿಂದಲೇ ತುಂಬಿಹೋಗಿ, ಗುಡ್ಡದ ಮೇಲೆ ವಾಸಿಸುವ ಮುದುಕರಿಗೆ ಹತ್ತಲು ಎಡೆಯಿಲ್ಲದಂತಾದ ಕಾರಣ, 2024ರಲ್ಲಿ ನಗರಾಡಳಿತದವರು ಹೇಳಿ ಆ ಬಸ್ಸಿನ ದಾರಿಯನ್ನೇ ಗೂಗಲ್ ನಕ್ಷೆಯಿಂದ ಅಳಿಸಿಹಾಕಿಸಿದರು. ಸಂತೆಯ ಚೀಲ ಹಿಡಿದು ತಮ್ಮ ಮನೆಗೆ ಹೋಗುವ ಬಸ್ಸನ್ನು ಹತ್ತುವುದಕ್ಕಾಗಿ ಒಂದು ಊರಿನ ಮುದುಕರು ಅದನ್ನು ಲೋಕದ ಕಣ್ಣಿನಿಂದ ಬಚ್ಚಿಡಬೇಕಾಯಿತು! ಅದನ್ನು ಓದಿದಾಗ, ನಮ್ಮೂರಿನ ಬಸ್ಸಿನಲ್ಲಿ ಮಂಡಿನೋವಿನಿಂದ ನಿಂತೇ ಬರುವ ನನಗೆ ಕಾಂಟನ ತರ್ಕಕ್ಕಿಂತಲೂ ಹೆಚ್ಚಾಗಿ ನಾಟಿತು. ಉದ್ಯಾನವನ್ನು ಪಟ್ಟಿಯಿಂದ ಹೊಡೆದುಹಾಕಿದೆವು. ಹೀಗೆ ಹೊಡೆಯುತ್ತ ಹೋದಂತೆ ಪಟ್ಟಿಯಲ್ಲಿ ಬಿಡುವು ಕಾಣಿಸಿಕೊಂಡಿತು.

ಭಾಷೆಯ ವಿಷಯ ಒಂದು ಮಾತು. ಆ ನಾಡಿನ ನುಡಿ ಕತಲಾನ್. ಸ್ಪ್ಯಾನಿಷ್ ಭಾಷೆಗಿಂತ ಬೇರೆಯಾದುದು. ಫ್ರಾಂಕೋವಿನ ಸರ್ವಾಧಿಕಾರದಲ್ಲಿ, ಎಂದರೆ 1939ರಿಂದ 1975ರವರೆಗೆ, ಅದನ್ನು ಶಾಲೆಯಿಂದಲೂ ಕಚೇರಿಯಿಂದಲೂ ಹೊರಗಿಟ್ಟಿದ್ದರು. ಅಜ್ಜಿಯರ ಬಾಯಲ್ಲಿಯೂ ಅಡಿಗೆಮನೆಗಳಲ್ಲಿಯೂ ಉಳಿದು ಆಮೇಲೆ ಮತ್ತೆ ಬೀದಿಗೆ ಬಂದ ನುಡಿ ಅದು. ಪುಸ್ತಕದ ಹಬ್ಬದಂದು ಜನರು ರಾಶಿರಾಶಿಯಾಗಿ ಕೊಳ್ಳುವ ಗ್ರಂಥಗಳಲ್ಲಿ ಆ ನುಡಿಯವೂ ಇರುತ್ತವೆಂಬುದು ನನಗೆ ಆ ಹಬ್ಬದ ಮೇಲಿನ ಮೋಹಕ್ಕೆ ಒಂದು ಕಾರಣ. ಹತ್ತಾರು ವರ್ಷ ನಮ್ಮ ಊರಿನಲ್ಲಿದ್ದು ಒಂದು ಕನ್ನಡ ಮಾತನ್ನೂ ಕಲಿಯದವರನ್ನು ಕುರಿತು ನಾವು ಆಡಿಕೊಳ್ಳುತ್ತೇವೆ. ಮೂರು ದಿನಕ್ಕೆ ಹೋಗುವವನು ಮೂರು ಮಾತುಗಳನ್ನಾದರೂ ಕಲಿತರೆ ಆಡಿಕೊಳ್ಳುವ ಅಧಿಕಾರ ಉಳಿಯುತ್ತದೆ. ಬೆಳಗಿನ ನಮಸ್ಕಾರಕ್ಕೆ ‘ಬೋನ್ ದಿಯಾ’, ದಯವಿಟ್ಟು ಎನ್ನಲು ‘ಸಿ ಉಸ್ ಪ್ಲಾವು’, ಉಪಕಾರ ಸ್ಮರಣೆಗೆ ‘ಗ್ರಾಸಿಯಸ್’, ಹೊರಡುವಾಗ ‘ಅದೆವು’. ಉಚ್ಚಾರಣೆಯು ಸರಿಯಾಗಿದೆಯೆಂದು ನಾನು ಹೊಣೆ ಹೊರಲಾರೆ.

ಬಿಡಾರದ ನಿರ್ಣಯವನ್ನು ಕೊನೆಗೆ ಮಾಡಿದವರು ನನ್ನ ಪತ್ನಿ. ಇಷ್ಟು ದಿನ ನಮ್ಮ ವಾದಗಳನ್ನೆಲ್ಲ ತರಕಾರಿ ಹೆಚ್ಚುತ್ತ ಕೇಳುತ್ತಿದ್ದ ಆಕೆಯ ಮುಂದೆ, ಅಡಿಗೆಮನೆಯ ಅವಶ್ಯಕತೆ ಇರುವವರು ನೀವು, ನೀವೇ ಹೇಳಿರೆಂದು ಮಗನು ಫೋನಿನಲ್ಲಿ ಕೇಳಿದನು. “ಯಾರೋ ಬಿಟ್ಟುಹೋದ ಒಲೆಯ ಮೇಲೆ ನಾನು ಸಾರು ಕುದಿಸುತ್ತ ಕೂತರೆ, ಮೇಲಿನ ಮನೆಯ ಹೆಂಗಸಿಗೆ ಒಗ್ಗರಣೆಯ ವಾಸನೆ ಹೋಗುವುದಿಲ್ಲವೇನೋ? ಯಾರಿವರು ಅಂತ ಅವಳು ಕೇಳಿದರೆ ಏನು ಹೇಳಲಿ? ನಾಲ್ಕು ದಿನದ ಊಟಕ್ಕೆ ಇಷ್ಟು ಗೋಳು ಬೇಡ,” ಎಂದರು. ಅಲ್ಲಿಯವರು ಬ್ರೆಡ್ಡಿನ ಹೋಳಿನ ಮೇಲೆ ಟೊಮೇಟೊ ಹಣ್ಣನ್ನು ಉಜ್ಜಿ, ಆಲಿವ್ ಎಣ್ಣೆಯನ್ನೂ ಉಪ್ಪನ್ನೂ ಹಾಕಿ ತಿನ್ನುತ್ತಾರೆಂದು ನಾನು ಓದಿ ಹೇಳಿದ್ದುದು ಆಕೆಗೆ ನೆನಪಿತ್ತು. ಅದಾದರೆ ತನಗೂ ಆದೀತು, ಮಿಕ್ಕಿದ್ದಕ್ಕೆ ಮನೆಯಿಂದ ಗಟ್ಟಿ ಅವಲಕ್ಕಿಯೂ ಚಟ್ನಿಪುಡಿಯೂ ಇದ್ದರೆ, ಬಿಸಿನೀರೊಂದು ಸಿಕ್ಕಿದರೆ ಸಾಕೆಂದರು. ಖರ್ಚು ಹೊಂದಿಸುವುದಕ್ಕಾಗಿ ಐದು ರಾತ್ರಿಗಳನ್ನು ಮೂರಕ್ಕೆ ಇಳಿಸಿ, ಸಮುದ್ರದಿಂದ ಅರ್ಧ ಗಂಟೆಯ ನಡಿಗೆಯ ದೂರದಲ್ಲಿ ಒಂದು ಸಣ್ಣ ಹೋಟೆಲಿನಲ್ಲಿ ಎರಡು ಕೋಣೆಗಳನ್ನು ಮಗನು ಗೊತ್ತುಮಾಡಿದ್ದಾನೆ. ಇಪ್ಪತ್ತೆರಡಕ್ಕೆ ತಲುಪಿದರೆ ಇಪ್ಪತ್ತಮೂರರ ಹಬ್ಬ ಸಿಕ್ಕುತ್ತದೆ, ಇಪ್ಪತ್ತೈದಕ್ಕೆ ಹೊರಟುಬಿಡಬೇಕು. ಮೊಮ್ಮಗಳ ಪಾಲಿಗೆ ಸಮುದ್ರದ ಎರಡು ದಿನ ಕಡಿಮೆಯಾಯಿತೆಂಬ ವ್ಯಥೆ ಮಾತ್ರ ನನಗೆ ಉಳಿದಿದೆ. ಆ ಹೋಟೆಲಿನ ಕಟ್ಟಡವೂ ಹಿಂದೆ ಯಾರದೋ ವಾಸದ ಮನೆಯಾಗಿದ್ದಿತೇ ಎಂದು ಕೇಳಿ ತಿಳಿಯುವ ಧೈರ್ಯ ನನಗಾಗಲಿಲ್ಲ.

ನಿನ್ನೆ ರಾತ್ರಿ ಮಗನ ಫೋನು ಬಂದಿತು. ಕೋಣೆಯಲ್ಲಿ ನೀರು 
ಕಾಯಿಸುವ ವಿದ್ಯುತ್ ಪಾತ್ರೆಯಿದೆಯೆಂದು ಹೋಟೆಲಿನವರು ಉತ್ತರ ಬರೆದಿದ್ದಾರಂತೆ. ಎಷ್ಟು ಗಂಟೆಗೆ ಬರುವಿರಿ, ಮಗುವಿಗೆ ಬೇರೆ ಹಾಸಿಗೆ ಬೇಕೆ ಎಂದೂ ವಿಚಾರಿಸಿದ್ದಾರಂತೆ. ಮನೆಯವರು ಅವಲಕ್ಕಿಯ ಡಬ್ಬಿಯನ್ನು ಈಗಲೇ ತೂಗಿ ನೋಡುತ್ತಿದ್ದಾರೆ; ವಿಮಾನದವರು ಇಷ್ಟೇ ತೂಕವೆಂದು ಗೊತ್ತುಮಾಡಿರುವುದರಿಂದ, ಚಟ್ನಿಪುಡಿಗೂ ನನ್ನ ಪುಸ್ತಕಗಳಿಗೂ ನಡುವೆ ಇನ್ನೊಂದು ವಾದ ಆರಂಭವಾಗುವ ಲಕ್ಷಣಗಳು ಕಾಣುತ್ತಿವೆ.